ಕಾಡಿಗೆ ಬಿಡಬೇಕಾ ಡಾಕ್ಟ್ರೇ? ಪದೇಪದೇ ಏಳುವ ಕಣ್ಣುಕುಟಿಗೆ ಮತ್ತು ಕಣ್ಣಿನ ಮೇಕಪ್

ಪ್ರಶ್ನೆ: ನನಗೆ 27 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಕಾಲೇಜಿನಿಂದಲೂ ದಿನಾ ಕಾಡಿಗೆ ಹಚ್ಚುತ್ತೇನೆ. ಎರಡು ವರ್ಷದಿಂದ ಐಲೈನರ್, ಮಸ್ಕಾರ ಕೂಡ ಇದೆ. ಕಳೆದ ಆರು ತಿಂಗಳಲ್ಲಿ ಮೂರು ಸಲ ರೆಪ್ಪೆಯಲ್ಲಿ ಕಣ್ಣುಕುಟಿಗೆ ಎದ್ದಿತು. ಎರಡು ವಾಸಿಯಾದವು. ಮೂರನೆಯದು ಮೇಲಿನ ರೆಪ್ಪೆಯಲ್ಲಿ ನೋವಿಲ್ಲದ ಗಂಟಾಗಿ ಉಳಿದಿದೆ. ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿರುತ್ತದೆ, ಕೂದಲಿನ ಬುಡದಲ್ಲಿ ಹೊಟ್ಟು ಕೂತಿರುತ್ತದೆ. ಅಮ್ಮ "ಮೈ ಉಷ್ಣ ಆಗಿದೆ" ಅನ್ನುತ್ತಾರೆ. ಅಜ್ಜಿ ಬಂಗಾರದ ಉಂಗುರ ಉಜ್ಜು ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದರೆ ಎರಡು ದಿನ ಆರಾಮ ಅನ್ನಿಸುತ್ತದೆ, ಮತ್ತೆ ಅದೇ ಕಥೆ. ಮನೆಯಲ್ಲಿ ಮಾಡಿದ ಕಾಡಿಗೆ ಹಚ್ಚಿದರೆ ಸರಿಹೋಗುತ್ತದಾ? ಮುಂದಿನ ತಿಂಗಳು ಅಕ್ಕನ ಮದುವೆ. ಮೇಕಪ್ ಪೂರ್ತಿ ಬಿಡಬೇಕಾ?

ಉತ್ತರ: ಪೂರ್ತಿ ಬಿಡಬೇಕಿಲ್ಲ. ಸದ್ಯಕ್ಕೆ ಒಂದಷ್ಟು ದಿನ ನಿಲ್ಲಿಸಿ. ಆಮೇಲೆ ಒಂದು ಅಭ್ಯಾಸವನ್ನು ಮಾತ್ರ ಕಾಯಂ ಆಗಿ ಬದಲಿಸಿ. ರೆಪ್ಪೆಗೂದಲಿನ ಒಳಗಡೆ, ಕಣ್ಣಿಗೆ ತಾಗಿಕೊಂಡಿರುವ ಆ ಒದ್ದೆ ಅಂಚಿಗೆ ಕಾಡಿಗೆ ಹಚ್ಚಬೇಡಿ. ಬ್ಯೂಟಿ ಪಾರ್ಲರ್‌ನವರು ಅದನ್ನು ವಾಟರ್‌ಲೈನ್ ಅನ್ನುತ್ತಾರೆ. ಬ್ರ್ಯಾಂಡ್ ಬದಲಿಸುವುದಕ್ಕಿಂತ, "ಹರ್ಬಲ್" ಹುಡುಕಿಕೊಂಡು ಹೋಗುವುದಕ್ಕಿಂತ ಇದರಿಂದ ಸಿಗುವ ಲಾಭ ಜಾಸ್ತಿ. ನಮ್ಮಲ್ಲಿ ಕಾಡಿಗೆ ಅಂದರೇ ಅಲ್ಲಿ ಹಚ್ಚುವುದು, ನನಗೂ ಗೊತ್ತು. ಹೊರಗೆ ಹಚ್ಚಿದರೆ ಅದೆಂಥ ಕಾಡಿಗೆ ಎಂದು ಕ್ಲಿನಿಕ್ಕಿನಲ್ಲೇ ವಾದಕ್ಕೆ ನಿಲ್ಲುವವರಿದ್ದಾರೆ. ಆದರೆ ನೀವು ಬರೆದಿರುವ ಕುಟಿಗೆ, ಗಂಟು, ಬೆಳಗಿನ ಹೊಟ್ಟು, ಈ ಮೂರೂ ಶುರುವಾಗುವುದು ಆ ಅಂಚಿನಲ್ಲೇ.

ಒಂದು ನಿಮಿಷ ಕನ್ನಡಿ ಮುಂದೆ ನಿಲ್ಲಿ. ಬೆಳಕು ಚೆನ್ನಾಗಿರಲಿ. ತೊಳೆದ ಬೆರಳಿಂದ ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕೂದಲಿನ ಸಾಲು ಕಾಣುತ್ತದೆ. ಅದರ ಹಿಂದೆ, ಕಣ್ಣಿನ ಗುಡ್ಡೆಗೆ ಸೇರುವ ಮೊದಲು, ಸುಮಾರು 2 ಮಿಲಿಮೀಟರ್ ಅಗಲದ ಒಂದು ಪಟ್ಟಿ ಇದೆ. ಗಮನವಿಟ್ಟು ನೋಡಿದರೆ ಆ ಪಟ್ಟಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು ಸಾಲಾಗಿ ಕಾಣಬಹುದು. ಅವು ಎಣ್ಣೆ ಗ್ರಂಥಿಗಳ ಬಾಯಿ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಜರ್ಮನಿಯ ಹೈನ್ರಿಶ್ ಮೈಬೋಮ್ ಎಂಬ ವೈದ್ಯ 1666ರಲ್ಲೇ ಇವನ್ನು ವಿವರಿಸಿದ್ದರಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿ ಅಂತಲೇ ಹೆಸರು. ಒಂದೊಂದು ಸಲ ಕಣ್ಣು ಮಿಟುಕಿಸಿದಾಗಲೂ ಇವು ಚೂರು ಎಣ್ಣೆಯನ್ನು ಕಣ್ಣೀರಿನ ಮೇಲೆ ಹರಡುತ್ತವೆ. ಆ ಎಣ್ಣೆ ಇಲ್ಲದಿದ್ದರೆ ಕಣ್ಣೀರು ಬೇಗ ಆರಿ ಕಣ್ಣು ಉರಿಯುತ್ತದೆ.

ನೀವು ದಿನಾ ಕಾಡಿಗೆ ಎಳೆಯುತ್ತಿರುವುದು ಈ ಬಾಯಿಗಳ ಮೇಲೆ. ವರ್ಷಗಟ್ಟಲೆ ಹಾಗೆ ಹಚ್ಚಿದವರ ರೆಪ್ಪೆಯನ್ನು ಸ್ಲಿಟ್ ಲ್ಯಾಂಪ್ ಎಂಬ ನಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿತ್ರ ಸ್ಪಷ್ಟ. ಕೆಲವು ಬಾಯಿಗಳ ಸುತ್ತ ಕಪ್ಪು ಉಂಗುರ. ಕೆಲವು ಮೇಣ ಮೆತ್ತಿದಂತೆ ಮುಚ್ಚಿಕೊಂಡಿರುತ್ತವೆ. ಹತ್ತಿಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ತಿಳಿಯಾದ ಎಣ್ಣೆ ಹನಿಯಾಗಿ ಬರಬೇಕು. ಇವರಲ್ಲಿ ಬಿಳಿ, ಮಂದ ದಾರದಂಥದ್ದು ಹೊರಡುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಹಿಂದಿನ ದಿನವೇ ಮೇಕಪ್ ತೆಗೆದು ಬಂದಿದ್ದೇನೆ ಅನ್ನುವವರ ಕಣ್ಣೀರಿನಲ್ಲೂ ಕಪ್ಪು ಕಣಗಳು ತೇಲುತ್ತಿರುತ್ತವೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ತಮ್ಮ ತಂಡದ ಜೊತೆ ಕಣ್ಣಿನ ಪೆನ್ಸಿಲ್ ಬಗ್ಗೆ ಒಂದು ಪುಟ್ಟ ಪ್ರಯೋಗ ಮಾಡಿದ್ದರು. 2015ರಲ್ಲಿ ಅದರ ವರದಿ ಪ್ರಕಟವಾಯಿತು. ಅದೇ ಪೆನ್ಸಿಲನ್ನು ಒಮ್ಮೆ ಕೂದಲಿನ ಹೊರಗೆ, ಇನ್ನೊಮ್ಮೆ ಒಳ ಅಂಚಿಗೆ ಹಚ್ಚಿ ಕಣ್ಣೀರಿನ ಪದರವನ್ನು ವಿಡಿಯೋ ಮಾಡಿ ನೋಡಿದರು. ಒಳಗೆ ಹಚ್ಚಿದಾಗ ಐದು ನಿಮಿಷದೊಳಗೇ ಕಣಗಳು ಕಣ್ಣೀರಿಗೆ ಇಳಿದವು. ಹೊರಗೆ ಹಚ್ಚಿದ್ದಕ್ಕೆ ಹೋಲಿಸಿದರೆ ಶೇ. 15ರಿಂದ 30ರಷ್ಟು ಹೆಚ್ಚು. ಎರಡು ಗಂಟೆಯಲ್ಲಿ ಹೆಚ್ಚುಕಡಿಮೆ ಎಲ್ಲ ತೊಳೆದುಹೋಗಿತ್ತು, ಅದು ಸಮಾಧಾನದ ಮಾತು. ಆದರೆ ನಮ್ಮವರು ಏನು ಮಾಡುತ್ತಾರೆ? ಮಧ್ಯಾಹ್ನ ಊಟಕ್ಕೆ ಹೋದಾಗ ಮಸುಕಾಯಿತು ಎಂದು ಇನ್ನೊಂದು ಸಲ ಎಳೆಯುತ್ತಾರೆ. ಸಂಜೆ ಮತ್ತೊಂದು ಸಲ. ತೊಳೆದುಹೋಗಲು ಕಣ್ಣಿಗೆ ಬಿಡುವೇ ಸಿಗುವುದಿಲ್ಲ.

ಈಗ ನಿಮ್ಮ ಮೂರು ಕುಟಿಗೆಗಳ ವಿಷಯ. ನಾವು ಎಲ್ಲದಕ್ಕೂ ಕಣ್ಣುಕುಟಿಗೆ ಅನ್ನುತ್ತೇವೆ, ಆದರೆ ಅದರಲ್ಲಿ ಎರಡು ಬಗೆ. ಮೊದಲಿನ ಎರಡು ಕೆಂಪಗೆ, ಮುಟ್ಟಿದರೆ ನೋವಾಗಿ, ತುದಿಯಲ್ಲಿ ಕೀವು ಕಟ್ಟಿ ಒಡೆದು ಹೋಗಿರಬೇಕು. ಅದು ಸೋಂಕು. ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಸಾಮಾನ್ಯ ಕಾರಣ. ಅದು ನಮ್ಮ ಮೂಗು, ಚರ್ಮದ ಮೇಲೆ ಸುಮ್ನೆ ವಾಸ ಮಾಡಿಕೊಂಡಿರುತ್ತದೆ. ಬೆರಳು, ಬ್ರಷ್, ಪೆನ್ಸಿಲ್ ತುದಿ ಹಿಡಿದು ಕೂದಲಿನ ಬುಡಕ್ಕೆ ಇಳಿದಾಗ ತೊಂದರೆ. ಮೂರನೆಯದು, ನೋವಿಲ್ಲದ ಗಂಟು, ಬೇರೆ. ಗ್ರಂಥಿಯ ಬಾಯಿ ಕಟ್ಟಿ, ಎಣ್ಣೆ ಒಳಗೇ ಉಳಿದು, ಸುತ್ತ ಊತ ಬಂದು ಗಂಟಾಗಿದೆ. ನಾವು ಇದನ್ನು ಕ್ಯಾಲೇಜಿಯನ್ ಅನ್ನುತ್ತೇವೆ. ಇದರಲ್ಲಿ ಸಾಮಾನ್ಯವಾಗಿ ಸೋಂಕು ಇರುವುದಿಲ್ಲ, ಆದ್ದರಿಂದ ಆ್ಯಂಟಿಬಯಾಟಿಕ್ ಹಾಕಿದರೂ ಕರಗುವುದಿಲ್ಲ. ಬೆಳಗಿನ ಹೊಟ್ಟು, ಅಂಟು, ತುರಿಕೆ ಇವು ರೆಪ್ಪೆಯ ಅಂಚೇ ಊದಿಕೊಂಡಿರುವ ಗುರುತು, ಬ್ಲೆಫರೈಟಿಸ್. ಇದು ಇರುವವರೆಗೂ ಕುಟಿಗೆ ಬರುತ್ತಲೇ ಇರುತ್ತದೆ. ಹಾಗಾಗಿ ಒಂದೊಂದು ಕುಟಿಗೆಗೂ ಒಂದೊಂದು ಔಷಧಿ ಹುಡುಕುವುದಕ್ಕಿಂತ ಅಂಚನ್ನು ಶುಚಿ ಮಾಡುವುದೇ ನಿಜವಾದ ಚಿಕಿತ್ಸೆ.

ಅಮ್ಮನ "ಉಷ್ಣ"ದ ಬಗ್ಗೆ ನಾನು ಜಗಳ ಮಾಡುವುದಿಲ್ಲ. ಎಳನೀರು ಕುಡಿಯಿರಿ, ಒಳ್ಳೆಯದೇ. ಆದರೆ ರೆಪ್ಪೆಗೆ ಬೇಕಿರುವುದು ತಂಪಲ್ಲ, ಬಿಸಿ. ಚಳಿಗೆ ಹೆಪ್ಪುಗಟ್ಟಿದ ತುಪ್ಪದ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೇವಲ್ಲ, ಕಟ್ಟಿಕೊಂಡ ಗ್ರಂಥಿಗೂ ಅದೇ ಉಪಾಯ. ಅಜ್ಜಿಯ ಉಂಗುರದಲ್ಲೂ ಸ್ವಲ್ಪ ಹುರುಳಿದೆ. ಅಂಗೈಗೆ ಉಜ್ಜಿ ಬಿಸಿ ಮಾಡಿ ಇಡುತ್ತಾರೆ, ಕೆಲಸ ಮಾಡುವುದು ಆ ಬಿಸಿ, ಬಂಗಾರ ಅಲ್ಲ. ಆದರೆ ಉಂಗುರದ ಕೆತ್ತನೆಯ ಸಂದಿಯಲ್ಲಿ ಸೋಪು, ಹಿಟ್ಟು, ಅರಿಶಿನ ಎಲ್ಲ ಕೂತಿರುತ್ತದೆ. ಅದರ ಬಿಸಿ ನಿಲ್ಲುವುದೂ ಅರ್ಧ ನಿಮಿಷ. ಬಟ್ಟೆಯ ಶಾಖವೇ ವಾಸಿ. ಲವಂಗ ತೇಯ್ದು ಹಚ್ಚುವುದು, ಸುಣ್ಣ ಹಚ್ಚುವುದು ಮಾತ್ರ ಖಂಡಿತ ಬೇಡ. ಕಣ್ಣಿನ ಒಳಗೆ ಸುಣ್ಣ ಹೋದರೆ ಕಪ್ಪುಗುಡ್ಡೆಯ ಪೊರೆ ಸುಟ್ಟುಹೋಗುತ್ತದೆ, ಅದು ತುರ್ತು ಚಿಕಿತ್ಸೆಯ ಮಾತು. ನಂದಿಬಟ್ಟಲ ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳುವುದರಿಂದ ಹಾನಿ ಕಡಿಮೆ, ಆದರೆ ಅದರ ರಸ ಹಿಂಡಿ ಕಣ್ಣಿಗೆ ಬಿಡುವುದು ಬೇಡ.

ಶಾಖ ಹೀಗೆ ಕೊಡಿ. ಒಗೆದ, ಮೆತ್ತನೆಯ ಹತ್ತಿ ಬಟ್ಟೆ. ನೀರಿನ ಬಿಸಿಯನ್ನು ಮೊದಲು ಮುಂಗೈಗೆ ಮುಟ್ಟಿಸಿ ನೋಡಿ. ಹಿತವಾದ ಬಿಸಿ ಇರಲಿ, ಸುಡಬಾರದು. ಕಣ್ಣು ಮುಚ್ಚಿ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಒಂದೆರಡು ನಿಮಿಷಕ್ಕೇ ಆರುತ್ತದೆ, ಆಗಾಗ ಮತ್ತೆ ಅದ್ದಬೇಕು. ಬಹಳ ಜನ ಒಂದು ಸಲ ಅದ್ದಿ ಹತ್ತು ನಿಮಿಷ ತಣ್ಣನೆ ಬಟ್ಟೆ ಇಟ್ಟುಕೊಂಡು "ಶಾಖ ಕೊಟ್ಟೆ, ಏನೂ ಆಗಲಿಲ್ಲ" ಅನ್ನುತ್ತಾರೆ. ಆಮೇಲೆ ಬೆರಳ ತುದಿಯಿಂದ ರೆಪ್ಪೆಯನ್ನು ಕೂದಲಿನ ಕಡೆಗೆ ಮೆಲ್ಲಗೆ ನೀವಬೇಕು. ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ. ಕುಟಿಗೆ ಇರುವಾಗ ದಿನಕ್ಕೆ ಮೂರು ನಾಲ್ಕು ಸಲ. ಅದು ಹೋದ ಮೇಲೂ ರಾತ್ರಿ ಒಂದು ಸಲ ಕೆಲವು ತಿಂಗಳು ಮುಂದುವರಿಸಿ. ಹಿಸುಕುವುದು, ಪಿನ್ನಿನಿಂದ ಚುಚ್ಚುವುದು, ಕೂದಲು ಕೀಳುವುದು ಬೇಡವೇ ಬೇಡ. ಹಿಸುಕಿದ ಕೀವು ಹೊರಗೇ ಬರುತ್ತದೆ ಅಂತ ಏನಿಲ್ಲ, ರೆಪ್ಪೆಯ ಒಳಗೇ ಹರಡಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕಾಡಿಗೆಯಲ್ಲ, ಆ ಡ್ರಾಪ್ಸ್. ಎರಡೇ ದಿನದಲ್ಲಿ ಕೆಂಪು, ಊತ ಮಾಯವಾಗಿ ನಿಲ್ಲಿಸಿದ ಕೂಡಲೇ ಮರಳುತ್ತದೆ ಅಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಇದೆ. ಬಾಟಲಿ ತೆಗೆದು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ನಾವೂ ಇವನ್ನು ಬರೆಯುತ್ತೇವೆ, ಆದರೆ ಇಷ್ಟೇ ದಿನ ಎಂದು ಲೆಕ್ಕ ಹಾಕಿ, ಕಣ್ಣಿನ ಒತ್ತಡ ನೋಡಿಕೊಂಡು. ತಿಂಗಳುಗಟ್ಟಲೆ ಸುಮ್ನೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಕಡಿಮೆ ವಯಸ್ಸಿಗೇ ಪೊರೆ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಬಾಟಲಿಯಲ್ಲಿ ಇಂಥ ಹೆಸರಿದ್ದರೆ, ಎಷ್ಟು ದಿನ ಹಾಕಿದಿರಿ ಎಂದು ಬರೆದಿಟ್ಟುಕೊಂಡು ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಒತ್ತಡ ಪರೀಕ್ಷೆ ಮಾಡಿಸಿ.

ಇನ್ನು ನಿಮ್ಮ ಮೇಕಪ್ ಪೌಚ್. ಅದರಲ್ಲಿ ಸೂಕ್ಷ್ಮಜೀವಿಗಳಿಗೆ ತುಂಬ ಇಷ್ಟವಾದ ವಸ್ತು ಮಸ್ಕಾರ. ಕಾಡಿಗೆಯಲ್ಲಿ ಇರುವುದು ಎಣ್ಣೆ, ಮೇಣ, ಮಸಿ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಅಷ್ಟಾಗಿ ಬೆಳೆಯುವುದಿಲ್ಲ. ಮಾಮೂಲಿ ಮಸ್ಕಾರ ಮತ್ತು ಲಿಕ್ವಿಡ್ ಲೈನರ್‌ಗಳಲ್ಲಿ ನೀರಿನಂಶ ಇದೆ. ಬ್ರಷ್ಷನ್ನು ಕೂದಲಿಗೆ ಮುಟ್ಟಿಸಿ, ಅಲ್ಲಿದ್ದ ಸೂಕ್ಷ್ಮಜೀವಿಗಳ ಸಮೇತ ವಾಪಸ್ ಟ್ಯೂಬಿಗೆ ಇಳಿಸುತ್ತೀರಿ. ಕತ್ತಲೆ, ತೇವ. ಇದಕ್ಕೇ ಕಂಪನಿಯವರು ಅದರಲ್ಲಿ ಪ್ರಿಸರ್ವೇಟಿವ್ ಹಾಕಿರುತ್ತಾರೆ. ಆದರೆ ತಿಂಗಳು ಕಳೆದ ಹಾಗೆ ಅದರ ಶಕ್ತಿ ಕುಂದುತ್ತದೆ. 1977ರಲ್ಲಿ ಅಮೆರಿಕದ ಒಂದು ಕಣ್ಣಿನ ವೈದ್ಯಕೀಯ ಪತ್ರಿಕೆಯಲ್ಲಿ ಕಲುಷಿತ ಮಸ್ಕಾರದಿಂದ ಕಪ್ಪುಗುಡ್ಡೆಗೆ ಹುಣ್ಣಾದ ಪ್ರಕರಣಗಳ ವರದಿ ಬಂತು. ಕಾರಣ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಇದು ಗೀರುಬಿದ್ದ ಕಪ್ಪುಗುಡ್ಡೆಗೆ ಇಳಿದರೆ ಒಂದೆರಡು ದಿನದಲ್ಲೇ ದೃಷ್ಟಿಗೆ ಕುತ್ತು ತರಬಲ್ಲದು.

ಅದಕ್ಕೇ ಮಸ್ಕಾರ ತೆರೆದ ದಿನದಿಂದ ಮೂರು ತಿಂಗಳು ಅಷ್ಟೇ. ಉಳಿದಿದ್ದರೂ ಎಸೆಯಿರಿ. ಕೊಂಡ ದಿನ ಅಲ್ಲ, ತೆರೆದ ದಿನ ಲೆಕ್ಕ. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಲ್ಲಿ ತಾರೀಖು ಬರೆದುಬಿಡಿ. ಪ್ಯಾಕಿನ ಮೇಲೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ತಿಂಗಳ ಲೆಕ್ಕ ಇರುತ್ತದೆ. ಮಸ್ಕಾರಕ್ಕೆ ಅಲ್ಲಿ 6 ಎಂದಿದ್ದರೂ, ಪದೇಪದೇ ಕುಟಿಗೆ ಏಳುವ ನಿಮ್ಮಂಥವರಿಗೆ ನಾನು ಮೂರೇ ಹೇಳುತ್ತೇನೆ. ಲಿಕ್ವಿಡ್ ಲೈನರ್‌ಗೂ ಅದೇ. ಮರದ ಪೆನ್ಸಿಲ್ ಕಾಡಿಗೆ ಸ್ವಲ್ಪ ಜಾಸ್ತಿ ದಿನ ಇಟ್ಟುಕೊಳ್ಳಬಹುದು, ಯಾಕೆಂದರೆ ಪ್ರತಿ ಸಲ ಹೆರೆದಾಗ ಮೇಲಿನ ಪದರ ಹೋಗಿ ಹೊಸದು ಸಿಗುತ್ತದೆ. ಶಾರ್ಪನರ್ ಕೂಡ ತೊಳೆಯಬೇಕು ಅನ್ನಿ. ತಿರುಗಿಸಿ ಹೊರತೆಗೆಯುವ ಪೆನ್ಸಿಲ್ ಇದ್ದರೆ ಪ್ರತಿ ಸಲ ತುದಿಯನ್ನು ಟಿಶ್ಯೂವಿನಲ್ಲಿ ಒರೆಸಿ.

ಮಸ್ಕಾರ ಗಟ್ಟಿಯಾಯಿತು ಎಂದು ಎರಡು ಹನಿ ನೀರು ಹಾಕುವುದು, ಬ್ರಷ್ಷನ್ನು ಟ್ಯೂಬಿನಲ್ಲಿ ಮೇಲೆ ಕೆಳಗೆ ಪಂಪ್ ಮಾಡುವುದು, ಒಣಗಿದ ತುದಿಗೆ ಎಂಜಲು ತಾಗಿಸುವುದು, ಇವು ಮೂರೂ ನಾನು ಕೇಳಿರುವ ಅಭ್ಯಾಸಗಳೇ. ಎಂಜಲಿನ ಕಥೆ ಕೇಳಿದಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳ ಸಂತೆಯನ್ನು ನೇರ ಕಣ್ಣಿಗೆ ಕಳಿಸಿದ ಹಾಗಾಯಿತು. ಅಕ್ಕ ತಂಗಿ ಒಂದೇ ಕಾಡಿಗೆ ಬಳಸುತ್ತೀರಾ? ನೀವು ಬರೆದಿಲ್ಲ, ಆದರೆ ಹೆಚ್ಚಿನ ಮನೆಗಳಲ್ಲಿ ಹಾಗೇ. ಇವತ್ತಿಂದ ಬೇಡ. ಅಂಗಡಿಯ ಟೆಸ್ಟರನ್ನು ಮುಂಗೈಗೆ ಹಚ್ಚಿ ಬಣ್ಣ ನೋಡಿ, ಕಣ್ಣಿಗಲ್ಲ. ಓಡುವ ಬಸ್ಸಲ್ಲಿ, ಆಟೋದಲ್ಲಿ ಹಚ್ಚಿಕೊಳ್ಳಬೇಡಿ. ಒಂದು ಹಂಪ್ ಸಾಕು, ಬ್ರಷ್ ಕಪ್ಪುಗುಡ್ಡೆಗೆ ಗೀರುತ್ತದೆ. ಹಾಗೆ ಗೀರಿದ ಮೇಲೆ ನೋವು, ನೀರು, ಬೆಳಕು ನೋಡಲಾಗದಿರುವುದು ಕಂಡರೆ ಕಟ್ಟು ಹಾಕದೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಈಗ ರಾತ್ರಿಯ ಕೆಲಸ. ಹಚ್ಚುವುದರ ಬಗ್ಗೆ ಯೂಟ್ಯೂಬಿನಲ್ಲಿ ಸಾವಿರ ವಿಡಿಯೋ ಇದೆ, ತೆಗೆಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. 2018ರಲ್ಲಿ ಸಿಡ್ನಿಯ ಒಬ್ಬ ಮಹಿಳೆಯ ಸುದ್ದಿ ಬಹಳ ಓಡಾಡಿತು. ಸುಮಾರು 25 ವರ್ಷ ಮಸ್ಕಾರ ಹಚ್ಚಿ, ಸರಿಯಾಗಿ ತೆಗೆಯದೆ ಮಲಗುತ್ತಿದ್ದರು. ಮೇಲಿನ ರೆಪ್ಪೆ ಮಗುಚಿ ನೋಡಿದಾಗ ಒಳಪೊರೆಯ ಅಡಿಯಲ್ಲಿ ಕಪ್ಪು ಉಂಡೆಗಳು ಹೂತು ಕೂತಿದ್ದವು. ಆಪರೇಶನ್ ಮಾಡಿ ತೆಗೆಯಬೇಕಾಯಿತು. ಅದು ಅಪರೂಪದ ಪ್ರಕರಣ, ನಿಮಗೂ ಹಾಗಾಗುತ್ತದೆ ಅಂತಲ್ಲ. ಆದರೆ ಸಣ್ಣ ಪ್ರಮಾಣದಲ್ಲಿ ಕಪ್ಪು ಚುಕ್ಕಿಗಳನ್ನು ನಾವು ರೆಪ್ಪೆ ಮಗುಚಿದಾಗ ಆಗಾಗ ನೋಡುತ್ತೇವೆ.

ಮೊದಲು ಕೈ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ಅದನ್ನು ತೆಗೆಯಿರಿ, ಆಮೇಲೆ ಮೇಕಪ್. ಬೆಳಿಗ್ಗೆ ಇದರ ಉಲ್ಟಾ, ಲೆನ್ಸ್ ಮೊದಲು, ಮೇಕಪ್ ಆಮೇಲೆ. ಹತ್ತಿಯ ಪ್ಯಾಡಿಗೆ ರಿಮೂವರ್ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಸುಮ್ಮನೆ ಇಡಿ. ಉಜ್ಜಬೇಡಿ, ಅದು ತಾನಾಗಿ ಸಡಿಲವಾಗಲಿ. ಆಮೇಲೆ ಮೇಲಿಂದ ಕೆಳಗೆ ಒಂದೇ ಕಡೆಗೆ ಒರೆಸಿ. ಎರಡು ಕಣ್ಣಿಗೆ ಎರಡು ಪ್ಯಾಡ್. ಕೂದಲಿನ ಬುಡದಲ್ಲಿ ಉಳಿದದ್ದಕ್ಕೆ ಒದ್ದೆ ಮಾಡಿದ ಇಯರ್ ಬಡ್ ಸಾಕು, ಅಂಚಿನ ಉದ್ದಕ್ಕೂ ಹಗುರವಾಗಿ ಎಳೆಯಿರಿ. ಕೊಬ್ಬರಿ ಎಣ್ಣೆಯಲ್ಲಿ ತೆಗೆಯಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಯಕ್ಷಗಾನದವರು ಬಣ್ಣ ಕಳಚುವುದೂ ಎಣ್ಣೆಯಲ್ಲೇ, ಅಲ್ವಾ? ತೆಗೆಯಬಹುದು. ವಾಟರ್‌ಪ್ರೂಫ್ ಮಸ್ಕಾರಕ್ಕಂತೂ ನೀರು ಸಾಲುವುದೇ ಇಲ್ಲ. ಆದರೆ ಎಣ್ಣೆ ಕಣ್ಣೊಳಗೆ ಹೋಗಬಾರದು, ಹಚ್ಚಿ ಹಾಗೇ ಮಲಗಬಾರದು. ಆ ಜಿಡ್ಡೂ ಗ್ರಂಥಿಯ ಬಾಯಿ ಕಟ್ಟುತ್ತದೆ. ಕೊನೆಗೆ ಬೆಚ್ಚಗಿನ ನೀರಲ್ಲಿ ಮುಖ ತೊಳೆದು ನಿಮ್ಮದೇ ಟವೆಲಿನಲ್ಲಿ ಒತ್ತಿ ಒರೆಸಿ. ಸೆರಗಿನ ತುದಿ ಬೇಡ.

ಬ್ಲೆಫರೈಟಿಸ್ ಇರುವುದರಿಂದ ನಿಮಗೆ ಇನ್ನೊಂದು ಹೆಜ್ಜೆ ಇದೆ. ಶಾಖ ಕೊಟ್ಟ ಮೇಲೆ ರೆಪ್ಪೆಯ ಅಂಚನ್ನು ಶುಚಿ ಮಾಡಬೇಕು. ಔಷಧಿ ಅಂಗಡಿಯಲ್ಲಿ ಇದಕ್ಕೇ ಎಂದು ಮಾಡಿದ ಲಿಡ್ ವೈಪ್ಸ್ ಸಿಗುತ್ತವೆ. ಇಲ್ಲದಿದ್ದರೆ ಕುದಿಸಿ ಆರಿಸಿದ ಅರ್ಧ ಲೋಟ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ. ಅದರಲ್ಲಿ ಇಯರ್ ಬಡ್ ಅದ್ದಿ, ಕಣ್ಣು ಮುಚ್ಚಿ ಕೂದಲಿನ ಬುಡ ಒರೆಸಿ, ಆಮೇಲೆ ಬರೀ ನೀರಿಂದ ತೊಳೆಯಿರಿ. ಕೂದಲಿನ ಬುಡದ ಹೊಟ್ಟು ಕೊಳವೆಯ ಹಾಗೆ ಸುತ್ತಿಕೊಂಡಿದ್ದರೆ ಡೆಮೊಡೆಕ್ಸ್ ಎಂಬ ನುಸಿ ಜಾಸ್ತಿಯಾಗಿರಬಹುದು. ಅದು ಕಣ್ಣಿಗೆ ಕಾಣದಷ್ಟು ಸಣ್ಣದು, ದೊಡ್ಡವರಲ್ಲಿ ಬಹಳ ಜನರ ಚರ್ಮದಲ್ಲಿ ಇದ್ದೇ ಇರುತ್ತದೆ, ಗಾಬರಿ ಬೇಡ. ಟೀ ಟ್ರೀ ಆಯಿಲ್ ಇದಕ್ಕೆ ಮದ್ದು ಎಂದು ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಬಾಟಲಿಯಿಂದ ನೇರ ಹಚ್ಚಿಕೊಂಡು ಕಣ್ಣು ಸುಟ್ಟುಕೊಂಡು ಬರುವವರಿದ್ದಾರೆ. ಡಾಕ್ಟರು ಹೇಳಿದ, ಕಣ್ಣಿಗೆಂದೇ ತಯಾರಿಸಿದ ಉತ್ಪನ್ನ ಮಾತ್ರ ಬಳಸಿ.

ಮನೆ ಕಾಡಿಗೆಯ ಪ್ರಶ್ನೆಗೆ ಬರೋಣ. ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆ ದೀಪ, ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ಅದಕ್ಕೆ ಹಿಡಿದ ಮಸಿಯನ್ನು ಕೆರೆದು ಹರಳೆಣ್ಣೆಯಲ್ಲೋ ತುಪ್ಪದಲ್ಲೋ ಬೆಣ್ಣೆಯಲ್ಲೋ ಕಲಸುತ್ತಾರೆ. ಮಸಿ ಅಂದರೆ ಇಂಗಾಲ. ಸೀಸದ ಭಯ ಇದರಲ್ಲಿ ಇಲ್ಲ, ಅದು ಇದರ ದೊಡ್ಡ ಗುಣ. ಆದರೆ ಬೆಣ್ಣೆಯಲ್ಲಿ ನೀರು, ಮಜ್ಜಿಗೆಯ ಅಂಶ ಉಳಿದಿರುತ್ತದೆ, ಬೇಗ ಕೆಡುತ್ತದೆ. ಕಲಸುವುದಾದರೆ ಹರಳೆಣ್ಣೆ ಮೇಲು, ಅದೂ ಸ್ವಲ್ಪ ಸ್ವಲ್ಪವೇ. ಬೆಳ್ಳಿ ಭರಣಿಯಲ್ಲಿ ವರ್ಷಗಟ್ಟಲೆ ಇಟ್ಟು ಮನೆಮಂದಿಯೆಲ್ಲ ಬೆರಳು ಅದ್ದುವುದೇ ಅದರ ನಿಜವಾದ ತೊಂದರೆ. ಇನ್ನು ಮನೆಯದೋ ಅಂಗಡಿಯದೋ, ಒಳ ಅಂಚಿಗೆ ಹಚ್ಚಿದರೆ ಗ್ರಂಥಿಯ ಬಾಯಿಗೆ ಎರಡೂ ಒಂದೇ. ಹಾಗಾಗಿ ನಿಮ್ಮ ಕುಟಿಗೆಗೆ ಇದು ಉತ್ತರವಲ್ಲ.

ಸೀಸದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸುರ್ಮಾ ಎಂದು ಮಾರುವ ಹೊಳಪಿನ ಪುಡಿಯಲ್ಲಿ ಹಲವು ಸಲ ಇರುವುದು ಗಲೀನಾ, ಅಂದರೆ ಸೀಸದ ಸಲ್ಫೈಡ್. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತ ಬಳಸುವಂತಿಲ್ಲ. ಅಮೆರಿಕದಲ್ಲಂತೂ ಇಂಥ ಸುರ್ಮಾ, ಕಾಜಲ್ ಮಾರಾಟಕ್ಕೆ ಅನುಮತಿಯೇ ಇಲ್ಲ. ಅಲ್ಲಿರುವ ನೆಂಟರಿಗೆ ಸೂಟ್‌ಕೇಸಿನಲ್ಲಿ ಕಳಿಸುವವರು ನೆನಪಿಡಿ. ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಲೇಬಲ್ ಇಲ್ಲದ ಡಬ್ಬಿ ಬೇಡ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕು ಎಂಬ ತಾರೀಖು ಇರಲೇಬೇಕು. ಮನೆಯಲ್ಲಿ ಕೂಸಿದ್ದರೆ ಅದರ ಕಣ್ಣಿಗೆ ಯಾವ ಕಾಡಿಗೆಯೂ ಬೇಡ. ಮಗು ಕಣ್ಣು ಉಜ್ಜಿದ ಕೈ ನೇರ ಬಾಯಿಗೆ ಹೋಗುತ್ತದೆ, ಸೀಸ ಬೆಳೆಯುವ ಮಿದುಳಿಗೆ ವಿಷ. ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎಂಬುದು ಬರೀ ನಂಬಿಕೆ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಅಂಗಾಲಿಗೆ ಇಡಿ, ಅಜ್ಜಿಗೂ ಸಮಾಧಾನ.

ಮದುವೆಗೆ ಒಂದು ತಿಂಗಳಿದೆ, ಒಳ್ಳೆಯ ಸಮಯ. ಇವತ್ತಿಂದ ಮೂರು ವಾರ ಕಣ್ಣಿನ ಮೇಕಪ್ ಪೂರ್ತಿ ನಿಲ್ಲಿಸಿ ಶಾಖ, ಶುಚಿ ಎರಡನ್ನೂ ಬಿಡದೆ ಮಾಡಿ. ಆಫೀಸಿಗೆ ಬೋಳು ಕಣ್ಣಲ್ಲಿ ಹೋದರೆ "ಹುಷಾರಿಲ್ವಾ?" ಎಂದು ಎಲ್ಲರೂ ಕೇಳುತ್ತಾರೆ, ಎರಡು ದಿನ ಕೇಳಿ ಸುಮ್ಮನಾಗುತ್ತಾರೆ. ಈಗಿರುವ ಮಸ್ಕಾರ, ಲೈನರ್, ಕುಟಿಗೆ ಇದ್ದಾಗ ಬಳಸಿದ್ದು ಏನೇ ಇದ್ದರೂ ಎಸೆಯಿರಿ. ದುಡ್ಡು ಕೊಟ್ಟಿದ್ದು ಎಂದು ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಿರಿ. ಕಣ್ಣು ಕೆಂಪಾಗುವ ಮದ್ರಾಸ್ ಐ ಬಂದಾಗಲೂ ಇದೇ ನಿಯಮ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಅದು ಹಬ್ಬಿದಾಗ ಒಂದೇ ಕಾಡಿಗೆ ಡಬ್ಬಿಯಿಂದ ಮನೆಮಂದಿಗೆಲ್ಲ ಹಂಚಿಕೊಂಡವರು ಕಡಿಮೆಯಿಲ್ಲ.

ಮದುವೆ ಮನೆಗೆ ಬರುವ ಮೇಕಪ್ ಆರ್ಟಿಸ್ಟ್ ಒಂದೇ ಜೆಲ್ ಲೈನರ್ ಡಬ್ಬಿ, ಒಂದೇ ಬ್ರಷ್ಷಿನಲ್ಲಿ ಮದುಮಗಳಿಂದ ಹಿಡಿದು ಚಿಕ್ಕಮ್ಮನವರೆಗೆ ಎಂಟು ಹತ್ತು ಜನರಿಗೆ ಬಳಿಯುತ್ತಾರೆ. ಮುಹೂರ್ತದ ಗಡಿಬಿಡಿಯಲ್ಲಿ ಬ್ರಷ್ ತೊಳೆಯಲು ಯಾರಿಗೆ ಟೈಮಿದೆ? ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ, ನನಗೆ ಕಣ್ಣಿನ ತೊಂದರೆ ಇದೆ, ಮಸ್ಕಾರ, ಲೈನರ್, ಪೆನ್ಸಿಲ್ ನಾನೇ ಹೊಸದು ತರುತ್ತೇನೆ ಅಂತ. ಅಕ್ಕನಿಗೂ ಹಾಗೇ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ. ಲೈನರನ್ನು ಮೇಲಿನ ರೆಪ್ಪೆಯಲ್ಲಿ ಕೂದಲಿನ ಹೊರಗೆ ಹಚ್ಚಿಸಿಕೊಳ್ಳಿ. ಕೆಳಗೆ ಬೇಕೆನಿಸಿದರೆ ಕಪ್ಪು ಅಥವಾ ಕಂದು ಪೆನ್ಸಿಲನ್ನು ಕೂದಲಿನ ಬುಡದ ಹೊರಗಡೆ ಎಳೆದು ಸ್ವಲ್ಪ ಮಸುಕು ಮಾಡಿಸಿ. ಫೋಟೋದಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಮಿಣಮಿಣ ಹೊಳೆಯುವ ಗ್ಲಿಟರ್ ಮಾತ್ರ ಬೇಡ, ಅದರ ಚೂರುಗಳು ಕಣ್ಣಿಗೆ ಬಿದ್ದು ಗೀರುತ್ತವೆ. ಅಂಟಿಸುವ ರೆಪ್ಪೆಗೂದಲು ಈ ಸಲ ಬಿಡಿ, ಊದಿದ ಅಂಚಿಗೆ ಗಮ್ ಸೇರುವುದಿಲ್ಲ. ತಲೆಗೆ ಹಚ್ಚುವ ಡೈಯನ್ನು ರೆಪ್ಪೆಗೂದಲಿಗೆ ಹಚ್ಚುತ್ತೇನೆ ಎಂದು ಪಾರ್ಲರಿನವರು ಹೇಳಿದರೆ ಎದ್ದು ಬನ್ನಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಅಂಥದ್ದೇ ಡೈಯಿಂದ ಕೆಲವರ ಕಣ್ಣೇ ಹೋಯಿತು, 1938ರಲ್ಲಿ ಅಲ್ಲಿ ಕಾಸ್ಮೆಟಿಕ್‌ಗಳಿಗೆ ಕಾನೂನು ಬರಲು ಅದೂ ಒಂದು ಕಾರಣ. ರಾತ್ರಿ ಆರತಕ್ಷತೆ ಮುಗಿದು ಎಷ್ಟೇ ಸುಸ್ತಾದರೂ ಮೇಕಪ್ ತೆಗೆದೇ ಮಲಗಿ.

ಈಗಿರುವ ಗಂಟು ಶಾಖದಿಂದ ಕೆಲವು ವಾರಗಳಲ್ಲಿ ಕರಗಬಹುದು, ಕೆಲವೊಮ್ಮೆ ಒಂದೆರಡು ತಿಂಗಳು ಹಿಡಿಯುತ್ತದೆ. ಕರಗದೆ ಉಳಿದರೆ ರೆಪ್ಪೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಮಗ್ಗುಲಿನಿಂದ ಚಿಕ್ಕದಾಗಿ ಕೊಯ್ದು ಖಾಲಿ ಮಾಡುತ್ತೇವೆ. ಹೊರಗೆ ಕಲೆ ಕಾಣುವುದಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೆ ಮದುವೆ ವಾರದಲ್ಲಿ ಮಾಡಿಸಬೇಡಿ, ಕೆಲವು ದಿನ ಊತ, ಕಪ್ಪು ಇರುತ್ತದೆ. ಆರು ತಿಂಗಳಲ್ಲಿ ಮೂರು ಸಲ ಎದ್ದಿರುವುದರಿಂದ ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸಿ. ಇದೇ ತೊಂದರೆ ವಯಸ್ಸಾದವರಿಗೆ ಆಗಿ, ಗಂಟು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದು, ಅಲ್ಲಿ ಕೂದಲು ಉದುರಿದ್ದರೆ ನಾವು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಕೂಡ ಹೀಗೇ ಕಾಣಿಸಬಹುದು. ನಿಮ್ಮ ವಯಸ್ಸಿಗೆ ಆ ಚಿಂತೆ ಬೇಡ, ಆದರೆ ನಿಮ್ಮ ಅಜ್ಜಿಗೆ ಇಂಥ ಗಂಟಿದ್ದರೆ ಉಂಗುರ ಉಜ್ಜುತ್ತಾ ಕೂರುವುದು ಬೇಡ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಬೇರೆಯೇ ಇವೆ. ಇಡೀ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುವುದು, ಜ್ವರ, ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ನೋವು, ಗುಡ್ಡೆ ಮುಂದೆ ಬಂದಂತೆ ಅನ್ನಿಸುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು. ಸೋಂಕು ಕಣ್ಣಿನ ಗೂಡಿಗೆ ಇಳಿದಿದೆ ಎಂಬುದರ ಸೂಚನೆ ಇವು. ರಾತ್ರಿಯಾದರೂ ಹೊರಡಿ.

ನಿಮ್ಮದು ಅಂಥದ್ದಲ್ಲ, ಆದರೂ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಹೋಗುವಾಗ ಕಾಡಿಗೆ ಹಚ್ಚಿಕೊಳ್ಳಬೇಡಿ, ಅಂಚು ನೋಡಬೇಕಾಗುತ್ತದೆ. ಮೇಕಪ್ ಪೌಚಿನಲ್ಲಿ ಉಳಿದಿರುವುದನ್ನು ತೆಗೆದುಕೊಂಡು ಹೋಗಿ, ಎಸೆಯಬೇಕಾದದ್ದು ಇನ್ನೇನಾದರೂ ಇದ್ದರೆ ಅಲ್ಲೇ ನೋಡಿ ಹೇಳುತ್ತಾರೆ. ಜೊತೆಗೆ ಆ ಡ್ರಾಪ್ಸ್ ಬಾಟಲಿ, ಖಾಲಿಯಾಗಿದ್ದರೂ ಸರಿ.